ರಾಜರ ಕಾಲದ ತ್ವರಿತ ನ್ಯಾಯ

ಆಸ್ತಿ ವ್ಯಾಜ್ಯದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದರ ಬೆನ್ನಿಗೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಉಪದೇಶ ಬಂದು ಬೀಳುತ್ತದೆ. ಈ ವಾರವೂ ಬಿದ್ದಿದೆ. ರಾಜರ ಕಾಲವಾಗಿದ್ದರೆ ವಾಯಿದೆಯ ಕಾಟವಿಲ್ಲ, ವಕೀಲರ ಫೀಸಿಲ್ಲ, ಕತ್ತಿ ಹಿರಿದರೆ ಸಂಜೆಯೊಳಗೆ ತೀರ್ಮಾನ! ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು.

ಈ ಮಹನೀಯರನ್ನೆಲ್ಲ ಒಂದು ಬಸ್ಸಿನಲ್ಲಿ ತುಂಬಿ 15ನೇ ಶತಮಾನದ ಇಂಗ್ಲೆಂಡಿಗೆ, ಗ್ಲಾಸ್ಟರ್‌ಷೈರ್ ಪ್ರಾಂತ್ಯಕ್ಕೆ ಕಳಿಸಿಕೊಡಬೇಕು. ಅಲ್ಲಿ ಅವರ ಕನಸು ನನಸಾಗಿದೆ.

ಬಾರ್ಕ್ಲಿ ಕೋಟೆಯ ಒಡೆಯ ಥಾಮಸ್ 1417ರಲ್ಲಿ ತೀರಿಕೊಂಡ. ಗಂಡು ಮಕ್ಕಳಿಲ್ಲ, ಇದ್ದವಳು ಒಬ್ಬಳೇ ಮಗಳು. ಆಸ್ತಿ ಗಂಡು ಸಂತತಿಗೇ ಸೇರತಕ್ಕದ್ದೆಂದು ಹಿರಿಯರು ಬರೆಸಿಟ್ಟ ಪತ್ರವಿದೆ ಎಂದ ತಮ್ಮನ ಮಗ ಜೇಮ್ಸ್. ಅಳಿಯನಾದರೋ ವಾರಿಕ್‌ನ ಅರ್ಲ್, ದೊಡ್ಡ ಸರದಾರ. ಅಂಥವರು ಪತ್ರ ಓದುತ್ತ ಕೂರುವವರಲ್ಲ. ಕೋಟೆಗೇ ಹೋಗಿ ಕೂತ. ಮುಂದೆ ಕೋಟೆ ಜೇಮ್ಸ್‌ನ ಕೈಗೆ ಬಂತು, ಮಗಳ ಕಡೆಯ ಹಕ್ಕು ಮಾತ್ರ ಮೊಮ್ಮಗಳ ಮೂಲಕ ಟಾಲ್ಬಟ್ ಮನೆತನಕ್ಕೆ ದಾಟಿತು.

ನಮ್ಮಲ್ಲಿ ಸಮನ್ಸ್ ತಂದ ಅಮೀನನಿಗೆ 'ಯಜಮಾನರು ಊರಲ್ಲಿಲ್ಲ' ಎಂದು ಬಾಗಿಲ ಸಂದಿಯಿಂದ ಹೇಳುವುದೇ ದೊಡ್ಡ ಸಾಹಸ. ಜೇಮ್ಸ್ ಪ್ರಭು ಹಾಗೆ ಅಡಗಿದವನಲ್ಲ. ಟಾಲ್ಬಟ್‌ಗಳ ಆಳು ಕೋರ್ಟಿನ ಆದೇಶ ತಂದಾಗ ಅದನ್ನು ಅವನ ಕೈಯಲ್ಲೇ ತಿನ್ನಿಸಿದನೆಂದು ಮನೆತನದ ಚರಿತ್ರೆ ಹೇಳುತ್ತದೆ. ಚರ್ಮಪತ್ರವನ್ನಷ್ಟೇ ಅಲ್ಲ, ಮೇಣದ ಮೊಹರನ್ನೂ. ನ್ಯಾಯಾಂಗವನ್ನು ಇಷ್ಟು ಸಂಪೂರ್ಣವಾಗಿ ಜೀರ್ಣಿಸಿಕೊಂಡ ವ್ಯವಸ್ಥೆ ಇನ್ನೊಂದಿರಲಾರದು.

ವಕೀಲರ ಫೀಸಿನ ವಿಚಾರ. ಜೇಮ್ಸ್‌ನ ಹೆಂಡತಿ ಇಸಬೆಲ್ ಒಬ್ಬ ಡ್ಯೂಕ್‌ನ ಮಗಳು. ಗಂಡನ ಪರವಾಗಿ ಲಂಡನ್ನಿನಲ್ಲಿ ಕೋರ್ಟು ಕಚೇರಿ ಅಲೆಯುತ್ತಿದ್ದವಳು ಅವಳೇ. ದುಡ್ಡು ಕಳಿಸು, ಇಲ್ಲವಾದರೆ ಕುದುರೆಯನ್ನು ಒತ್ತೆಯಿಟ್ಟು ನಡೆದೇ ಮನೆಗೆ ಬರಬೇಕಾಗುತ್ತದೆ ಎಂದು ಗಂಡನಿಗೆ ಕಾಗದ ಬರೆದಿದ್ದಾಳೆ. ಕಡೆಗೆ ಎದುರಾಳಿ ಕೌಂಟೆಸ್, ಅಂದರೆ ಟಾಲ್ಬಟ್ ಮನೆ ಸೇರಿದ ಆ ಮೊಮ್ಮಗಳು, ಅವಳನ್ನು ಗ್ಲಾಸ್ಟರ್‌ನಲ್ಲಿ ಸೆರೆಯಿಟ್ಟಳು. 1452ರಲ್ಲಿ ಅಲ್ಲೇ ಸತ್ತಳು.

ಇನ್ನು ಕತ್ತಿ ಹಿರಿಯುವ ಶುಭ ಮುಹೂರ್ತ. 1470ರ ಮಾರ್ಚ್ 19ರಂದು ಟಾಲ್ಬಟ್ ಕುಡಿ, ಲೈಲ್ ಎಂಬ ಬಿರುದಿನ, ಇಪ್ಪತ್ತರ ಆಸುಪಾಸಿನ ಹುಡುಗ, ಜೇಮ್ಸ್‌ನ ಮಗ ವಿಲಿಯಂಗೆ ಪಂಥಾಹ್ವಾನ ಕಳಿಸಿದ. ಕ್ರೈಸ್ತರ ರಕ್ತ ಸುಮ್ಮನೆ ಹರಿಯುವುದು ಬೇಡ, ನಾವಿಬ್ಬರೇ ಹೊಡೆದಾಡೋಣ, ಆಗದಿದ್ದರೆ ನಿನ್ನ ಬಲವನ್ನೆಲ್ಲ ಕರೆದು ತಾ ಎಂದು ಅದರ ಸಾರಾಂಶ. ಈ ರಾಜ್ಯದಲ್ಲಿ ಭೂಮಿಯ ಹಕ್ಕನ್ನು ಹೊಡೆದಾಡಿ ತೀರ್ಮಾನಿಸುವ ಪದ್ಧತಿ ಇಲ್ಲವೆಂದು ವಿಲಿಯಂ ಕಾನೂನು ಪಾಠ ಹೇಳಿದ. ಹೇಳಿ, ಅದೇ ಕಾಗದದಲ್ಲಿ, ನಾಳೆ ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ನಿಬ್ಲಿ ಗ್ರೀನ್ ಎಂಬ ಬಯಲಿಗೆ ಬಾ ಎಂದ! ರಾಜರ ಕಾಲವೇನೋ ಹೌದು, ಆದರೆ ರಾಜನೇ ಊರಲ್ಲಿಲ್ಲ. ನಾಲ್ಕನೇ ಎಡ್ವರ್ಡ್ ಬೇರೆ ದಿಕ್ಕಿನಲ್ಲಿ ದಂಗೆ ಅಡಗಿಸುತ್ತಿದ್ದ.

ಮರುದಿನ ಲೈಲ್ ಶಿರಸ್ತ್ರಾಣದ ಮುಖಕವಚ ಮೇಲೆತ್ತಿದ್ದಾಗ ಬಾಣ ಬಂದು ಮುಖಕ್ಕೆ ನಾಟಿತು. ಕೆಳಗೆ ಬಿದ್ದವನನ್ನು ಇರಿದು ಮುಗಿಸಿದರು. ಸುಮಾರು 150 ಜನ ಸತ್ತರು. ಗೆದ್ದವರು ವಾಟನ್ ಎಂಬ ಊರಿಗೆ ನುಗ್ಗಿ ಲೈಲ್‌ನ ಮನೆ ದೋಚಿದರು.

ಆ 150 ಜನರಲ್ಲಿ ಎಷ್ಟು ಮಂದಿಗೆ ಆ ಆಸ್ತಿಯಲ್ಲಿ ಒಂದು ಗುಂಟೆ ಪಾಲಿತ್ತು? ಒಂದೇ ರಾತ್ರಿಯಲ್ಲಿ ಕಲೆಹಾಕಿದ ಒಕ್ಕಲಿನವರು. ಧಣಿ ಕರೆದ, ಬಂದರು, ಸತ್ತರು. ಲೈಲ್‌ನ ವಿಧವೆಗೆ ಆಮೇಲೆ ವರ್ಷಕ್ಕೆ 100 ಪೌಂಡ್ ಗೊತ್ತುಮಾಡಿದರು. ಉಳಿದ ಹೆಂಗಸರ ಮಾತನ್ನು ಯಾರೂ ಎತ್ತುವುದಿಲ್ಲ. ರಾಜರ ಕಾಲ ಬರಲಿ ಎಂದು ಹಾರೈಸುವವರು ತಮ್ಮನ್ನು ಯಾವಾಗಲೂ ಕುದುರೆಯ ಮೇಲೆಯೇ ಕಲ್ಪಿಸಿಕೊಳ್ಳುತ್ತಾರೆ. ನಮ್ಮ ನಿಮ್ಮ ಮುತ್ತಜ್ಜಂದಿರು ಕುದುರೆಯ ಮೇಲಿರಲಿಲ್ಲ ಸ್ವಾಮಿ. ಕೆಸರಿನಲ್ಲಿದ್ದರು. ಇದನ್ನು ಎಷ್ಟು ಸಲ ಹೇಳಿ ಸಾಯುವುದು?

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ, ರಣರಂಗದಲ್ಲೂ ಅಷ್ಟೇ. ಸೋತವನು ನಿಜಕ್ಕೂ ಸತ್ತ. ಗೆದ್ದ ವಿಲಿಯಂ ಮಾಡಿದ್ದು ಇನ್ನೂ ಸೊಗಸು. ಅವನಿಗೆ ಸಂತಾನವಿರಲಿಲ್ಲ. ಯುದ್ಧದಲ್ಲಿ ಅವನ ಜೊತೆಗೆ ನಿಂತಿದ್ದ ತಮ್ಮ ಮಾರಿಸ್ ಬ್ರಿಸ್ಟಲ್‌ನ ವ್ಯಾಪಾರಿಯ ಮಗಳನ್ನು ಮದುವೆಯಾಗಿದ್ದ, ಅದು ಅಣ್ಣನ ಅಂತಸ್ತಿಗೆ ಸಾಲಲಿಲ್ಲವಂತೆ. ಹಾಗಾಗಿ 'ಮಾರ್ಕ್ವೆಸ್' ಎಂಬ ಬಿರುದಿನ ಆಸೆಗೆ ಕೋಟೆಯನ್ನು ದೊರೆ ಏಳನೇ ಹೆನ್ರಿಗೂ ಅವನ ಗಂಡು ಸಂತತಿಗೂ ಬರೆದುಕೊಟ್ಟ. ಮತ್ತೆ ಅದೇ ಗಂಡು ಸಂತತಿ!

ಅಣ್ಣ 1492ರಲ್ಲಿ ಸತ್ತ ಮೇಲೆ ಮಾರಿಸ್ ಕತ್ತಿ ಮುಟ್ಟಲಿಲ್ಲ. ದಾವೆ ಹೂಡಿ ಹೂಡಿ, ಕೈತಪ್ಪಿದ್ದ ಜಮೀನುಗಳಲ್ಲಿ ಹಲವನ್ನು ಒಂದೊಂದಾಗಿ ಬಿಡಿಸಿಕೊಂಡ. ಕೋಟೆ ಮನೆತನಕ್ಕೆ ಮರಳಿದ್ದು 1553ರಲ್ಲಿ, ಆ ಹೆನ್ರಿಯ ಗಂಡು ಸಂತತಿಯ ಕೊನೆಯ ಕುಡಿ ಆರನೇ ಎಡ್ವರ್ಡ್ ಮಕ್ಕಳಿಲ್ಲದೆ ತೀರಿಕೊಂಡಾಗ. ಲೈಲ್ ಕಡೆಯ ವಾರಸುದಾರರೊಂದಿಗಿನ ಮೂಲ ವ್ಯಾಜ್ಯ ಇತ್ಯರ್ಥವಾದದ್ದು 1609ರಲ್ಲಿ, ಯುದ್ಧ ಗೆದ್ದು 139 ವರ್ಷಗಳಾದ ಮೇಲೆ.