‘ಸಾರಿ ಸರ್’ ಅಂದುಬಿಟ್ಟೆ

ತಪ್ಪು ನನ್ನದಲ್ಲ. ಆದರೂ ಸಾರಿ ಅಂದೆ. ಅದೊಂದು ತಲೆಯಿಂದ ಹೋಗುತ್ತಲೇ ಇಲ್ಲ.

ಆಫೀಸಿನ ಲೆಕ್ಕದ ಹಳದಿ ಶೀಟಿನ ಕಥೆ ಹೇಳುತ್ತಾ ಕೂತರೆ ಬೆಳಗಾಗುತ್ತದೆ, ಬಿಡಿ. ಇಷ್ಟು ಗೊತ್ತಿದ್ದರೆ ಸಾಕು: ಅದರ ಸಿ ಕಾಲಂ ತೆಗೆಸಿದ್ದು ನಮ್ಮ ಬಾಸ್ ಅವರೇ. ಎರಡು ವಾರದ ಹಿಂದೆ ‘ಅದು ಬೇಡ, ತೆಗೆದುಬಿಡು’ ಎಂದು ಮೆಸೇಜ್ ಮಾಡಿದ್ದರು. ತೆಗೆದೆ. ಇವತ್ತು ಟೋಟಲ್ ಹೊಂದಲಿಲ್ಲ. ಹೊಂದುವುದಾದರೂ ಹೇಗೆ?

ಮೀಟಿಂಗಿನಲ್ಲಿ 14 ಜನ. ನನ್ನ ಮೇಲ್ ಅನ್ನು ದೊಡ್ಡ ಸ್ಕ್ರೀನಿನಲ್ಲಿ ತೆರೆದರು. ‘ಇದನ್ನು ಕಳಿಸಿದ್ದು ನೀವೇ ಅಲ್ವಾ?’ ಅಂದರು. ನೀವು! ನಾಲ್ಕು ವರ್ಷದಿಂದ ಈ ಮನುಷ್ಯ ನನ್ನನ್ನು ‘ನೀನು’ ಬಿಟ್ಟು ಬೇರೇನೂ ಕರೆದವರಲ್ಲ. ಬಹುವಚನ ಬಂತು ಅಂದಾಗಲೇ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಯಿತು.

‘ಓದಿ ನೋಡೋಣ. ಎಲ್ಲರಿಗೂ ಕೇಳಿಸಲಿ.’

ಓದಿದೆ. ‘ಎಲ್ಲ ಲೆಕ್ಕವನ್ನೂ ಎರಡು ಸಲ ನೋಡಿದ್ದೇನೆ, ಸರಿಯಿದೆ.’

‘ಆ ಸಾಲು ಇನ್ನೊಂದು ಸಲ.’

ಇನ್ನೊಂದು ಸಲ ಓದಿದೆ. ನಾನು ಓದುತ್ತಿದ್ದರೆ ಅವರು ಒಂದೊಂದೇ ಪದದ ಕೆಳಗೆ ಕರ್ಸರ್ ಎಳೆಯುತ್ತಿದ್ದರು, ಮಗುವಿಗೆ ಅಕ್ಷರ ಕಲಿಸುವ ಹಾಗೆ. ‘ಎರಡು’ ಅನ್ನುವ ಪದದ ಹತ್ತಿರ ಕರ್ಸರ್ ನಿಂತಿತು. ಅಲ್ಲೇ ಸುತ್ತಿತು. ಯಾರೋ ಕಿಸಕ್ಕೆಂದರು. ಎರಡು ತಿಂಗಳ ಹಿಂದೆ ಸೇರಿದ ಹುಡುಗ, ನಾನೇ ಕೆಲಸ ಕಲಿಸಿದವನು, ತಲೆ ತಗ್ಗಿಸಿ ಪೆನ್ನಿನ ಕ್ಯಾಪ್ ನೋಡುತ್ತಾ ಕೂತಿದ್ದ. ನನ್ನ ಮುಖ ನೋಡಬಾರದು ಎಂದು ಹಾಗೆ ಮಾಡಿದ. ಒಳ್ಳೆಯ ಹುಡುಗ. ನಕ್ಕವರಿಗಿಂತ ಅವನ ಮೇಲೇ ನನಗೆ ಜಾಸ್ತಿ ಸಿಟ್ಟು ಬಂತು.

ಈಗ ಕೇಳಿ. ಆ ಮೆಸೇಜ್ ನನ್ನ ಫೋನಿನಲ್ಲೇ ಇತ್ತು. ಫೋನ್ ನನ್ನ ಕೈಯಲ್ಲೇ ಇತ್ತು. ಎತ್ತಿ ತೋರಿಸಿದ್ದರೆ ಮುಗಿಯುತ್ತಿತ್ತು. ‘ಸರ್, ಒಂದು ನಿಮಿಷ’ ಎಂದು ಬಾಯಿ ತೆರೆದೆ. ಬಂದದ್ದು ಮಾತ್ರ ‘ಸಾರಿ ಸರ್’.

ಸಾಕು. ನಾಳೆ ರಾಜೀನಾಮೆ. ಇನ್ನೊಂದು ಕೆಲಸ ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಬೇಡ.

ಹೀಗೆ ಎಷ್ಟು ಸಲ ಹೇಳಿದ್ದೇನೋ. ಪತ್ರ ಆರು ತಿಂಗಳಿಂದ ಡ್ರಾಫ್ಟಿನಲ್ಲಿದೆ. ಇವತ್ತು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅದನ್ನು ತೆರೆದೆ. ಮೊದಲ ಸಾಲಿನಲ್ಲೇ ‘ವೈಯುಕ್ತಿಕ ಕಾರಣಗಳಿಂದ’ ಎಂದು ತಪ್ಪಾಗಿ ಬರೆದಿದ್ದೇನೆ. ಆರು ತಿಂಗಳಲ್ಲಿ ಎಷ್ಟು ಸಲ ಓದಿರಬೇಕು ನೀವೇ ಹೇಳಿ. ಎರಡು ಸಲ ನೋಡಿದ್ದಾರಂತೆ ಮಹಾಶಯರು!

ಬೇರೆ ಕೆಲಸ ಹುಡುಕಿಲ್ಲ ಅಂದುಕೊಳ್ಳಬೇಡಿ. ರಜೆಯ ಲೆಕ್ಕ ನೋಡಿದರೆ ನನ್ನ ಬಾಯಲ್ಲಿ ಇಷ್ಟು ಹೊತ್ತಿಗೆ ಎಲ್ಲ ಹಲ್ಲುಗಳೂ ಹೊಸದಾಗಿರಬೇಕಿತ್ತು. ಇಂಟರ್‌ವ್ಯೂ ಇದ್ದಾಗಲೆಲ್ಲ ಹಲ್ಲುನೋವು ನನಗೆ. ಒಂದು ಫೋನ್ ಇಂಟರ್‌ವ್ಯೂ ಆಫೀಸಿನ ಮೆಟ್ಟಿಲ ಹತ್ತಿರವೇ ಆಯಿತು. ಅಲ್ಲಿರುವುದು ಸೆನ್ಸರ್ ಲೈಟು, ಅಲ್ಲಾಡದೆ ನಿಂತರೆ ಆರಿಹೋಗುತ್ತದೆ. ‘ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ?’ ಎಂದು ಆ ಕಡೆಯಿಂದ ಕೇಳುತ್ತಿದ್ದಾರೆ, ನಾನು ಕತ್ತಲಲ್ಲಿ ನಿಂತು ಕೈ ಬೀಸುತ್ತಿದ್ದೇನೆ.

ಕೊನೆಗೆ ಎಲ್ಲರೂ ಕೇಳುವುದು ಒಂದೇ, ‘ಯಾವಾಗ ಸೇರುತ್ತೀರಿ?’ 60 ದಿನ ನೋಟಿಸ್ ಇದೆ ಅಂದರೆ ‘ತಿಳಿಸುತ್ತೇವೆ’ ಅನ್ನುತ್ತಾರೆ. ತಿಳಿಸುವುದಿಲ್ಲ. ಹಾಗಾದರೆ ಬಿಟ್ಟೇ ಹುಡುಕೋಣ ಅಂದರೆ, ‘ಈಗ ಕೆಲಸದಲ್ಲಿಲ್ಲವಾ? ಯಾಕೆ ಬಿಟ್ಟಿರಿ?’ ಇದಕ್ಕೇನು ಹೇಳಲಿ? ಸಿ ಕಾಲಂ ಎನ್ನಲೇ?

ದುಡ್ಡಿನ ಲೆಕ್ಕವನ್ನೂ ಹಾಕಿದ್ದೇನೆ. ಕೂಡಿಟ್ಟದ್ದು ಐದು ತಿಂಗಳಿಗೆ ಸಾಕು. ನೋಟಿಸಿನ ಎರಡು ತಿಂಗಳೂ ಸಂಬಳ ಬರುತ್ತದೆ, ಅಂದರೆ ಏಳು. ಹಗಲು ಹೊತ್ತಿನಲ್ಲಿ ಏಳು ತಿಂಗಳು ಬೇಕಾದಷ್ಟು ಅನ್ನಿಸುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಸಾಲದ ಕಂತು ನೆನಪಾಗುತ್ತದೆ, ಆಫೀಸಿನ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ ಎಂದು ನೆನಪಾಗುತ್ತದೆ, ಬಿಟ್ಟುಹೋದವರ ಕೊನೆಯ ಲೆಕ್ಕ ಚುಕ್ತಾ ಮಾಡಲು ಇವರು ಸತಾಯಿಸಿದ್ದು ನೆನಪಾಗುತ್ತದೆ. ಏಳು ಹೋಗಿ ನಾಲ್ಕಾಗುತ್ತದೆ.

ಅಕ್ಕನಿಗೆ ಫೋನ್ ಮಾಡಿದೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು, ಮೊದಲು ಇನ್ನೊಂದು ನೋಡಿಕೋ’ ಅಂದಳು. ಅವಳು ಹೇಳಿದ್ದು ಸರಿ. ಅದಕ್ಕೇ ಇನ್ನೂ ಸಿಟ್ಟು ಬಂತು. ಗೆಳೆಯನಿಗೆ ಮಾಡಿದರೆ ‘ಬಿಸಾಕಿ ಬಾ, ನೋಡಿಕೊಳ್ಳೋಣ’ ಅಂದ. ನೋಡಿಕೊಳ್ಳೋಣ ಅಂದರೆ ಯಾರು ನೋಡಿಕೊಳ್ಳುವುದು? ಕಂತು ಅವನು ಕಟ್ಟುತ್ತಾನಾ?

ನಿಮ್ಮಲ್ಲಿ ಯಾರಾದರೂ ಕೈಯಲ್ಲಿ ಇನ್ನೊಂದು ಇಲ್ಲದೆ ಕೆಲಸ ಬಿಟ್ಟಿದ್ದೀರಾ? ನಿಜ ಹೇಳಿ. ‘ಮನಸ್ಸಿನ ಮಾತು ಕೇಳಿ’ ಅನ್ನುವವರು ದಯವಿಟ್ಟು ಸುಮ್ಮನಿರಿ, ನನ್ನ ಮನಸ್ಸು ಗಂಟೆಗೊಂದು ಹೇಳುತ್ತಿದೆ. ಬಿಟ್ಟ ಮೊದಲ ವಾರ ಹಾಯಾಗಿರುತ್ತದೆ, ಅದು ನನಗೂ ಗೊತ್ತು. ಮೂರನೇ ತಿಂಗಳ ಸೋಮವಾರ ಬೆಳಿಗ್ಗೆ ಹೇಗಿತ್ತು? ಅದನ್ನು ಹೇಳಿ. ಬಿಡದೆ ಉಳಿದವರೂ ಹೇಳಿ, ದಿನಾ ಆ ಬಾಗಿಲು ತಳ್ಳಿಕೊಂಡು ಒಳಗೆ ಹೋಗುವುದು ಹೇಗೆ? ಯಾರಾದರೂ ಹೇಳಿ ಮಾರಾಯ್ರೇ.

ಅಲ್ಲ, ಸಂಬಳವಂತೂ ಒಂದನೇ ತಾರೀಕಿಗೆ ಸರಿಯಾಗಿ ಬರುತ್ತದೆ. ಅಷ್ಟು ಕೆಟ್ಟವರೇನಲ್ಲ ಅವರು. ಕಳೆದ ವರ್ಷ ನನಗೆ ಹುಷಾರಿಲ್ಲದಾಗ ಎರಡು ಸಲ ಫೋನ್ ಮಾಡಿ ವಿಚಾರಿಸಿದ್ದರು. ಒಂದು ಸಲ ಆರೋಗ್ಯದ ಬಗ್ಗೆ, ಇನ್ನೊಂದು ಸಲ ಪಾಸ್‌ವರ್ಡ್ ಬಗ್ಗೆ.

ಇದನ್ನು ಬರೆಯುತ್ತಲೇ ಪಕ್ಕದಲ್ಲಿ ಶೀಟ್ ತೆರೆದಿಟ್ಟುಕೊಂಡು ಸಿ ಕಾಲಂ ವಾಪಸ್ ಹಾಕಿದೆ, ಟೋಟಲ್ ಹೊಂದಿಸಿದೆ. ಹೌದು, ಮಾಡಿದೆ, ಏನೀಗ? ರಾತ್ರಿ 11.40ಕ್ಕೆ ಕಳಿಸಿದೆ. ‘ಎರಡು ಸಲ ನೋಡಿದ್ದೇನೆ’ ಎಂದು ಮಾತ್ರ ಈ ಸಲ ಬರೆಯಲಿಲ್ಲ.

ನಾಲ್ಕೇ ನಿಮಿಷಕ್ಕೆ ಮೆಸೇಜ್ ಬಂತು. ‘ಗುಡ್. ಆದರೆ ಸಿ ಕಾಲಂ ಯಾಕೆ ಹಾಕಿದೆ? ಅದು ಬೇಡ, ತೆಗೆದುಬಿಡು.’

ಮತ್ತೆ ಏಕವಚನ.