ಸಲಹೆಗಾರನ ಕುರ್ಚಿಯಿಂದ ಕಂಪನಿಯ ಕುರ್ಚಿಗೆ

ಅಷ್ಟಮಿಗೆಂದು ಉಡುಪಿಗೆ ಬಂದಿದ್ದ ತಂಗಿಯ ಮಗ ಒಂದು ಸುದ್ದಿ ತಂದಿದ್ದ. ದೆಹಲಿಯ ಸಚಿವಾಲಯವೊಂದರಲ್ಲಿ ನಾಲ್ಕು ವರ್ಷ ಗುತ್ತಿಗೆಯ ಮೇಲೆ ನೀತಿ ಸಲಹೆಗಾರನಾಗಿದ್ದ ಅವನು, ಅದೇ ಕ್ಷೇತ್ರದ ಖಾಸಗಿ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಗೆ ಸೇರುತ್ತಿದ್ದಾನೆ. ಮನೆಯವರೆಲ್ಲರಂತೆ ನನಗೂ ಸಂತೋಷವಾಯಿತು. ಆದರೆ ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆಯೇ ವೃತ್ತಿ ಕಳೆದ ನನಗೆ, ಅವನು ಅಲ್ಲಿ ಯಾವ ಕಡತಗಳನ್ನು ನೋಡಿದ್ದ ಎಂಬ ಯೋಚನೆ ಬಾರದಿರಲಿಲ್ಲ.

ಸರ್ಕಾರಕ್ಕೂ ಉದ್ಯಮಕ್ಕೂ ನಡುವೆ ಓಡಾಡುವುದೇ ತಪ್ಪೆಂದು ಉಡುಪಿಯವರಾದ ನಾವು ಹೇಳಲಾರೆವು. ನಮ್ಮೂರಿನ ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿದ ಟಿ.ಎ. ಪೈ ಅವರು 1965ರಲ್ಲಿ ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರಾದರು, ಮುಂದೆ ಕೇಂದ್ರದಲ್ಲಿ ರೈಲ್ವೆ ಸಚಿವರೂ ಆದರು. ಮನೆಮನೆಯಿಂದ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಉಳಿತಾಯ ಸಂಗ್ರಹಿಸಿದ ಬ್ಯಾಂಕಿನ ಅನುಭವ ಅವರೊಂದಿಗೆ ದೆಹಲಿಗೆ ಹೋಯಿತು. ಆದರೆ ಅದು ಉದ್ಯಮದಿಂದ ಸರ್ಕಾರಕ್ಕೆ ಹೋಗುವ ದಾರಿ.

ಎದುರು ದಿಕ್ಕಿನಲ್ಲಿ ನಡೆದವರಲ್ಲಿ ನನಗೆ ಅತ್ಯಂತ ಗೌರವವಿರುವುದು ಆರ್.ಸಿ. ಭಾರ್ಗವ ಅವರ ಮೇಲೆ. 1956ರ ತಂಡದ ಐಎಎಸ್ ಅಧಿಕಾರಿಯಾದ ಅವರು ಇಂಧನ ಸಚಿವಾಲಯದಲ್ಲಿ ಜಂಟಿ ಕಾರ್ಯದರ್ಶಿಯಾಗಿದ್ದು, ವಿದ್ಯುತ್ ಯಂತ್ರಗಳನ್ನು ತಯಾರಿಸುವ ಸರ್ಕಾರಿ ಕಂಪನಿಯಾದ ಬಿಎಚ್‌ಇಎಲ್ ಮೂಲಕ 1981ರಲ್ಲಿ ಮಾರುತಿ ಉದ್ಯೋಗ್ ಸೇರಿದರು. ಆಗ ಅದು ಸರ್ಕಾರಿ ಕಂಪನಿ. ಕಾರ್ಖಾನೆಯಿಂದ ಒಂದು ಕಾರೂ ಹೊರಬಂದಿರಲಿಲ್ಲ. ಸುಜುಕಿಯೊಂದಿಗೆ ಒಪ್ಪಂದವಾದದ್ದು 1982ರಲ್ಲಿ, ಮೊದಲ ಕಾರು ಗ್ರಾಹಕರ ಕೈ ಸೇರಿದ್ದು 1983ರ ಡಿಸೆಂಬರಿನಲ್ಲಿ. ಐಎಎಸ್‌ನ ಭದ್ರತೆ ಬಿಟ್ಟು ಅವರು ಅಲ್ಲೇ ಉಳಿದರು. 1985ರಲ್ಲಿ ವ್ಯವಸ್ಥಾಪಕ ನಿರ್ದೇಶಕರಾದರು, 2007ರಲ್ಲಿ ಅಧ್ಯಕ್ಷರಾದರು. ಅವರು ಕಂಪನಿಗೆ ಕೊಂಡೊಯ್ದದ್ದು ಆಡಳಿತದ ಅನುಭವವನ್ನು, ಮುಂದಿನ ತಿಂಗಳು ಹೊರಬೀಳಲಿರುವ ಅಧಿಸೂಚನೆಯ ಕರಡನ್ನಲ್ಲ.

ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಶಂಕರ್ ಆಚಾರ್ಯ ಅವರು ಆ ಹುದ್ದೆ ಬಿಟ್ಟದ್ದು 2001ರಲ್ಲಿ, ಕೋಟಕ್ ಮಹೀಂದ್ರಾ ಬ್ಯಾಂಕಿನ ಅಧ್ಯಕ್ಷರಾದದ್ದು 2006ರಲ್ಲಿ. ದಿನನಿತ್ಯದ ಕಾರ್ಯಭಾರವಿಲ್ಲದ ಆ ಹುದ್ದೆಗೂ ಮುನ್ನ ಐದು ವರ್ಷ ಸರಿದಿತ್ತು. ಅಷ್ಟು ಕಾಲದಲ್ಲಿ ಒಳಗಿನ ಮಾಹಿತಿ ಹಳತಾಗುತ್ತದೆ, ಉಳಿಯುವುದು ವಿವೇಚನೆ.

ನಿವೃತ್ತರಾದ ಎ ಗುಂಪಿನ, ಅಂದರೆ ಉನ್ನತ ದರ್ಜೆಯ, ಕೇಂದ್ರ ಅಧಿಕಾರಿಗಳು ಒಂದು ವರ್ಷದೊಳಗೆ ಖಾಸಗಿ ಕೆಲಸ ಹಿಡಿಯಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಮೊದಲು ಎರಡು ವರ್ಷವಿದ್ದ ಈ ಅವಧಿಯನ್ನು ಇಳಿಸಿದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮವಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ನಿರ್ಬಂಧ ಇರುವುದು ಪಿಂಚಣಿ ನಿಯಮಗಳಲ್ಲಿ. ಗುತ್ತಿಗೆಯ ಸಲಹೆಗಾರನಿಗೆ ಪಿಂಚಣಿಯೇ ಇಲ್ಲದ ಕಾರಣ ಅದು ಅವನಿಗೆ ತಗಲುವುದಿಲ್ಲ. ಅವನನ್ನು ಕಟ್ಟಿಹಾಕುವುದು ಅವನ ಒಪ್ಪಂದದ ಷರತ್ತುಗಳು ಮಾತ್ರ. ಕರಡು ನೀತಿ ಬರೆಯುವ ಕೆಲಸ ಇಂಥ ತರುಣರ ಕೈಗೆ ಬಂದಿರುವಾಗ, ನಿಯಮವೂ ಅವರ ತನಕ ಬರಬೇಕು. ಹಾಗೆ ಕಟ್ಟಿಹಾಕಿದರೆ ಪ್ರತಿಭಾವಂತರು ಸರ್ಕಾರದ ಕಡೆ ತಲೆಹಾಕುವುದಿಲ್ಲ ಎಂಬ ಆಕ್ಷೇಪ ನನಗೆ ಗೊತ್ತಿದೆ. ಆದರೆ ಅವರು ಕಾಯಬೇಕಾದ ಆ ಒಂದು ವರ್ಷ ಅರ್ಧ ಸಂಬಳ ಕೊಟ್ಟರೂ ಬೊಕ್ಕಸಕ್ಕೆ ಅದು ಭಾರವಾಗದು.

ಹುಡುಗನಿಗೆ ಇಷ್ಟನ್ನೂ ಹೇಳಿ, ತಾನು ಕೈಯಾಡಿಸಿದ ಕರಡುಗಳ ವಿಷಯಗಳನ್ನು ಪಟ್ಟಿಮಾಡಿ, ಒಂದು ವರ್ಷ ಅವುಗಳಿಂದ ದೂರ ಇರುವೆನೆಂದು ಹೊಸ ಕಂಪನಿಗೂ ಹಳೆಯ ಸಚಿವಾಲಯಕ್ಕೂ ಬರೆದುಕೊಡಲು ಕೇಳಿಕೊಂಡೆ. ಅವನು ತಕ್ಷಣ ಒಪ್ಪಿದ. "ಕಂಪನಿಗೆ ಕೊಡುತ್ತೇನೆ ಮಾವ, ಆದರೆ ಸಚಿವಾಲಯದಲ್ಲಿ ಅದನ್ನು ಯಾರ ಹೆಸರಿಗೆ ಕಳುಹಿಸಲಿ?" ಎಂದು ಕೇಳಿದ.