ಧಾರವಾಡದ ಅಟ್ಟ ಮತ್ತು ನಮ್ಮ ಹಾಸನ

2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಹಾಸನದಲ್ಲಿ ಸಡಗರವೋ ಸಡಗರ. ಇರಲೇಬೇಕಿತ್ತು. ಲೇಖಕಿಯನ್ನು ಕೊಂಡಾಡಿದೆವು, ಅವರ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿದ ದೀಪಾ ಭಾಸ್ತಿ ಅವರನ್ನೂ ನೆನೆದೆವು. ಆದರೆ ಆ ಕಥೆಗಳನ್ನು ಮೊದಲು ಕನ್ನಡದಲ್ಲಿ ಅಚ್ಚು ಹಾಕಿಸಿದವರು ಯಾರು ಅಂತ ಕೇಳಿದವರು ನನಗಂತೂ ಸಿಗಲಿಲ್ಲ. ಪ್ರಕಾಶಕರನ್ನು ನಾವು ನೆನೆಯುವುದೇ ಇಲ್ಲ, ಅಲ್ವಾ?

ಅದಕ್ಕೇ ಇವತ್ತು ಹಿಂದಿನ ಕಾಲದ ಒಬ್ಬ ಪ್ರಕಾಶಕರು, ಜಿ.ಬಿ. ಜೋಶಿ ಅವರ ಬಗ್ಗೆ ಬರೆಯಬೇಕು ಅನ್ನಿಸಿತು. ಹುಟ್ಟಿದ್ದು 1904ರಲ್ಲಿ. 1933ರಲ್ಲಿ ಗೆಳೆಯರನ್ನು ಕಟ್ಟಿಕೊಂಡು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಅನ್ನೋ ಪ್ರಕಾಶನ ಶುರು ಮಾಡಿದರು. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ನಮ್ಮ ಹಾಸನ ಮೈಸೂರು ಸಂಸ್ಥಾನದಲ್ಲಿ. ಕನ್ನಡಕ್ಕೆ ಒಂದು ರಾಜ್ಯವೇ ಇಲ್ಲದ ಕಾಲದಲ್ಲಿ ಅವರು ಓದುಗರನ್ನೇ ಚಂದಾದಾರರಾಗಿ ಮಾಡಿಕೊಂಡು ಪುಸ್ತಕ ತಂದರು. ಸುಭಾಸ ರಸ್ತೆಯ ಅವರ ಕಚೇರಿಗೆ ಎಲ್ಲರೂ 'ಅಟ್ಟ' ಅಂತಲೇ ಅನ್ನುತ್ತಿದ್ದರು. ಬೇಂದ್ರೆ, ಕುರ್ತಕೋಟಿ, ಕಾರ್ನಾಡ್ ಎಲ್ಲ ಹತ್ತಿ ಬಂದು ಕೂತ ಜಾಗ ಅದು.

ಕಾರ್ನಾಡರ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಬಂತು. ಬರೆದವರು ಆಗ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗ, ಅದು ಅವರ ಮೊದಲ ನಾಟಕ. ಹೆಸರಿಲ್ಲದವರ ನಾಟಕಕ್ಕೆ ದುಡ್ಡು ಹಾಕೋದು ಸುಮ್ನೆ ಮಾತಲ್ಲ. 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ'. ನೋಡಿ, ನಮ್ಮ ಪಕ್ಕದ ತೀರ್ಥಹಳ್ಳಿ ಕಡೆಯವರ ಕಾದಂಬರಿ, ಮಲೆನಾಡಿನ ಅಗ್ರಹಾರದ ಕಥೆ, ಅಚ್ಚಾಗಿದ್ದು ಧಾರವಾಡದಿಂದ. ಜೋಶಿಯವರ ಜೊತೆ ಕೀರ್ತಿನಾಥ ಕುರ್ತಕೋಟಿ ಅವರಂಥ ವಿಮರ್ಶಕರು ಸಲಹೆಗಾರರಾಗಿ ಇದ್ದರು. ಹಸ್ತಪ್ರತಿ ನೇರ ಪ್ರೆಸ್ಸಿಗೆ ಹೋಗುತ್ತಿರಲಿಲ್ಲ, ಬಲ್ಲವರೊಬ್ಬರು ಓದುತ್ತಿದ್ದರು. ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸೋದು ಇದೇ.

ಜೋಶಿ ತಾವೂ 'ಜಡಭರತ' ಅನ್ನೋ ಹೆಸರಲ್ಲಿ ನಾಟಕ ಬರೆದವರು. ಅವರ 'ಸತ್ತವರ ನೆರಳು' ನಾಟಕವನ್ನು ಬಿ.ವಿ. ಕಾರಂತರು ರಂಗಕ್ಕೆ ತಂದರು. ಬರೆಯುವವರ ಸಂಕಟ ಗೊತ್ತಿದ್ದ ಪ್ರಕಾಶಕ. 1993ರಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆ ಬನ್ನಿ. ಅರಸೀಕೆರೆ ಕಡೆಯ ಮೇಷ್ಟ್ರೊಬ್ಬರು ನನ್ನ ಗೆಳೆಯರು, ಒಳ್ಳೆ ಕಥೆಗಾರರು. ಸಂಬಳದಲ್ಲಿ ಉಳಿಸಿದ್ದನ್ನೆಲ್ಲ ಒಬ್ಬ ಪ್ರಕಾಶಕರಿಗೆ ಕೊಟ್ಟು ಕಥಾಸಂಕಲನ ತಂದರು. ಅಲ್ಲಿ ಯಾರೂ ಒಂದು ಸಾಲು ಓದಲಿಲ್ಲ. ಪ್ರೂಫ್ ನೋಡಿದ್ದೂ ಇವರೇ, ಅದೂ ರಾತ್ರಿ ಮೊಬೈಲಿನಲ್ಲಿ. ಮೊದಲ ಕಥೆಯಲ್ಲಿ 'ಅಜ್ಜಿ' ಎರಡು ಕಡೆ 'ಅಜ್ಜ' ಆಗಿದ್ದಾಳೆ. ಬಿಡುಗಡೆ ದಿನ ಶಾಲು, ಹಾರ, ಫೋಟೋ. ಉಳಿದ ಪ್ರತಿಗಳು ಇವತ್ತಿಗೂ ಅವರ ಮಂಚದ ಕೆಳಗೆ, ಸುತ್ತಿದ ಕಾಗದ ಕೂಡ ಬಿಚ್ಚಿಲ್ಲ. ಅವರು ಆಮೇಲೆ ಕಥೆ ಬರೆದಿಲ್ಲ. ಇದು ನನಗೆ ತುಂಬ ನೋವಿನ ವಿಷಯ.

ಗೊರೂರು, ಭೈರಪ್ಪ, ಬಾನು ಮುಷ್ತಾಕ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳೋ ಜಿಲ್ಲೆ ಇದು. ಬರೆಯುವವರಿಗೆ ಇಲ್ಲಿ ಬರವಿಲ್ಲ. ಹಸ್ತಪ್ರತಿ ಕೈಗೆ ತಗೊಂಡು "ಮೂರನೇ ಕಥೆ ಇನ್ನೊಂದ್ಸಲ ಬರೀರಿ, ಆಮೇಲೆ ನಾನು ಹಾಕ್ತೀನಿ" ಅನ್ನೋರು ಬೇಕು. ಲೇಖಕರ ದುಡ್ಡಲ್ಲಲ್ಲ, ಓದುಗರ ದುಡ್ಡಲ್ಲಿ.

ಜೋಶಿಯವರ ಚಂದಾ ಪದ್ಧತಿ ಇವತ್ತಿಗೂ ಆಗುತ್ತೆ ಅಂತ ನನ್ನ ನಂಬಿಕೆ. ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಮೂಡಿಗೆರೆ ಸೇರಿ ನೂರು ಜನ ಓದುಗರು ಮುಂಗಡ ಕೊಟ್ಟರೆ ವರ್ಷಕ್ಕೆ ಒಂದಾದರೂ ಪುಸ್ತಕವನ್ನು ಚೆನ್ನಾಗಿ ತಿದ್ದಿ ತರಬಹುದು. ಚಂದಾ ಕೊಡುವವರು, ಹಸ್ತಪ್ರತಿ ಓದಿ ತಿದ್ದಬಲ್ಲವರು ಇಲ್ಲಿ ಕಾಮೆಂಟ್ ಹಾಕಿ. ಮೊದಲ ಹಸ್ತಪ್ರತಿಗಾಗಿ ಆ ಮೇಷ್ಟ್ರನ್ನೇ ಕೇಳ್ತೀನಿ.